ಲಿಫ್ಟ್‌ನ ‘ಕೊನೆ’, ಮನಿಲಾದ ‘ಗುರೊ’

ಮಾಲ್‌ಗಳ ಲಿಫ್ಟ್‌ಗಳಲ್ಲಿ ನೀಲಿ ಚೌಕಗಳೊಳಗೆ ಬರೆದ ‘ಕೊನೆ’ ಎಂಬ ಹೆಸರನ್ನು ನೀವೂ ನೋಡಿರುತ್ತೀರಿ. ಕನ್ನಡದಲ್ಲಿ ಓದಿಕೊಂಡು ಗಾಬರಿಯಾಗಬೇಡಿ. ಅದು ಫಿನ್‌ಲ್ಯಾಂಡ್ ಮೂಲದ ಕಂಪನಿ. ಫಿನ್ನಿಷ್ ಭಾಷೆಯಲ್ಲಿ ‘ಕೊನೆ’ ಎಂದರೆ ಯಂತ್ರ. ‘ತಿಯೆತೊ’ ಎಂದರೆ ಅರಿವು, ‘ತಿಯೆತೊಕೊನೆ’ ಎಂದರೆ ಕಂಪ್ಯೂಟರ್. ‘ಲೆಂತೊ’ ಎಂದರೆ ಹಾರಾಟ, ‘ಲೆಂತೊಕೊನೆ’ ವಿಮಾನ. ಸೆಮಿಸ್ಟರ್ ರಜೆಯಲ್ಲಿ ಈ ಒಂದು ಪದ ಹಿಡಿದು ಹೊರಟವನು ಹೇಗೋ ಫಿಲಿಪ್ಪೀನ್ಸ್‌ನ ತಗಲೊಗ್ ಭಾಷೆಯವರೆಗೆ ಹೋಗಿಬಂದೆ.

ಹೀಗೆ ಹೋಗಲು ಕಾರಣವಿದೆ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಸಂಸ್ಥೆ ಫಿನ್ನಿಷ್, ತಗಲೊಗ್ ಎರಡನ್ನೂ ಒಂದೇ ಗುಂಪಿಗೆ ಹಾಕಿದೆ: ಕಷ್ಟದ ಭಾಷೆಗಳು, ಸುಮಾರು 44 ವಾರ, 1100 ಗಂಟೆಗಳ ತರಗತಿ ಬೇಕು. ಒಂದು ಯುರಾಲಿಕ್ ಕುಟುಂಬದ್ದು, ಎಸ್ಟೋನಿಯನ್‌ಗೆ ಹತ್ತಿರದ ನೆಂಟ, ಹಂಗೇರಿಯನ್‌ಗೆ ದೂರದ ನೆಂಟ. ಇನ್ನೊಂದು ಆಸ್ಟ್ರೊನೇಷ್ಯನ್, ಮಲಯ ಭಾಷೆಯ ಬಳಗ. ಇಂಗ್ಲಿಷ್ ಮಾತನಾಡುವವರಿಗೆ ಇವೆರಡೂ ಸಮಾನ ಕಷ್ಟವಂತೆ. ಆದರೆ ಕನ್ನಡದವರಿಗೆ?

ಫಿನ್ನಿಷ್‌ನಲ್ಲಿ ‘ತಲೊ’ ಎಂದರೆ ಮನೆ. ‘ತಲೊಸ್ಸ’ ಮನೆಯಲ್ಲಿ, ‘ತಲೊಸ್ತ’ ಮನೆಯಿಂದ, ‘ತಲೊಸ್ಸಕೊ?’ ಮನೆಯಲ್ಲಾ?, ‘ತಲೊಸ್ಸನಿಕಿನ್’ ನನ್ನ ಮನೆಯಲ್ಲೂ. ಇಂಗ್ಲಿಷಿನವರು ನಾಲ್ಕು ಪದ ಜೋಡಿಸಬೇಕಾದ ಕಡೆ ಇವರು ನಮ್ಮ ಹಾಗೆಯೇ ಬಾಲಕ್ಕೆ ಬಾಲ ಅಂಟಿಸುತ್ತಾ ಹೋಗುತ್ತಾರೆ. ನಮ್ಮ ಶಾಲೆಯ ವ್ಯಾಕರಣದಲ್ಲಿ ಸಂಬೋಧನೆ ಬಿಟ್ಟರೆ ಏಳು ವಿಭಕ್ತಿ, ಅವರದ್ದು ಹದಿನೈದು. ಸಂಖ್ಯೆ ಕೇಳಿದರೆ ಭಯವಾಗುತ್ತದೆ, ಆದರೆ ಪದ್ಧತಿ ನಮಗೆ ಹೊಸದಲ್ಲ. ‘ನನ್ನ ಬಳಿ ಪುಸ್ತಕ ಇದೆ’ ಎನ್ನುವುದಕ್ಕೆ ಅವರೂ ‘ನನ್ನಲ್ಲಿ ಇದೆ ಪುಸ್ತಕ’ ಎಂದೇ ಹೇಳುತ್ತಾರೆ. ‘ಮತೊ’ ಎಂದರೆ ಹುಳ, ‘ಮತ್ತೊ’ ಎಂದರೆ ಜಮಖಾನೆ. ಒಂದು ಒತ್ತಿನಲ್ಲಿ ಅರ್ಥ ಬದಲಾಗುವುದು ಕತೆ–ಕತ್ತೆ ಗೊತ್ತಿರುವ ನಮಗೆ ಹೇಳಿಕೊಡಬೇಕೇ?

ಈ ಹೋಲಿಕೆ ನೋಡಿಯೇ 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ತನ್ನ ದ್ರಾವಿಡ ಭಾಷೆಗಳ ವ್ಯಾಕರಣದಲ್ಲಿ ನಮ್ಮ ಭಾಷೆಗಳಿಗೂ ಫಿನ್ನಿಷ್ ಇರುವ ಗುಂಪಿಗೂ ನಂಟು ಇರಬಹುದೆಂದು ವಾದಿಸಿದ. ಇಂದಿನ ವಿದ್ವಾಂಸರು ಅದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ರಚನೆ ಒಂದೇ ತರಹ ಇದ್ದ ಮಾತ್ರಕ್ಕೆ ರಕ್ತಸಂಬಂಧ ಆಗುವುದಿಲ್ಲವಲ್ಲ. ಪದಕೋಶ ತೆರೆದರೆ ಅದು ತಿಳಿಯುತ್ತದೆ: ಪರಿಚಯದ ಮುಖ ಒಂದೂ ಇಲ್ಲ. ಹುಡುಕಿ ಹುಡುಕಿ ಸಿಗುವುದು ‘ಸೌನಾ’.

ತಗಲೊಗ್ ಇದಕ್ಕೆ ತದ್ವಿರುದ್ಧ. ಪದಗಳು ನಗುತ್ತಾ ಎದುರು ಬರುತ್ತವೆ. ‘ಗುರೊ’ ಎಂದರೆ ಮೇಷ್ಟ್ರು, ‘ಮುಖಾ’ ಎಂದರೆ ಮುಖ, ‘ಆಸಾ’ ಎಂದರೆ ಆಸೆ, ‘ದಿವಾತ’ ಎಂದರೆ ದೇವತೆ. ವ್ಯಾಪಾರದ ಹಡಗುಗಳ ಕಾಲದಲ್ಲಿ ಸಂಸ್ಕೃತದ ಪದಗಳು ಮಲಯ, ಜಾವಾ ದಾಟಿ ಅಲ್ಲಿಗೆ ಹೋದವು. ಹಳೆಯ ‘ಬೈಬಾಯಿನ್’ ಲಿಪಿ ನಮ್ಮ ಲಿಪಿಯಂತೆ ಬ್ರಾಹ್ಮಿಯ ವಂಶದ್ದೇ. 1989ರಲ್ಲಿ ಸಿಕ್ಕಿದ ಲಗುನಾ ತಾಮ್ರಪಟದಲ್ಲಿ ಶಕ ವರ್ಷ 822, ಅಂದರೆ ಕ್ರಿ.ಶ. 900, ನಮೂದಾಗಿದೆ. ‘ಪೊ’ ಎಂಬ ಗೌರವದ ತುಣುಕನ್ನು ಹಿರಿಯರ ಜೊತೆ ಮಾತಿಗೊಮ್ಮೆ ಸೇರಿಸುತ್ತಾರೆ, ನಮ್ಮ ‘ರೀ’ ಇದ್ದಂತೆ.

ತಲೆ ತಿರುಗುವುದು ಕ್ರಿಯಾಪದಕ್ಕೆ ಬಂದಾಗ. ‘ಬಿಲಿ’ ಎಂದರೆ ಕೊಳ್ಳು. ಪ್ರತ್ಯಯ ಕೊನೆಗೆ ಬರುವುದಿಲ್ಲ. ‘ಉಮ್’ ಪದದ ಹೊಟ್ಟೆಯೊಳಗೆ ನುಗ್ಗುತ್ತದೆ: ‘ಬುಮಿಲಿ’, ಕೊಂಡರು. ‘ಬುಮಿಬಿಲಿ’, ಕೊಳ್ಳುತ್ತಿದ್ದಾರೆ. ‘ಬಿಬಿಲಿ’, ಕೊಳ್ಳುತ್ತಾರೆ. ಕೋಡಿಂಗ್ ಭಾಷೆಯಲ್ಲಿ ಹೇಳುವುದಾದರೆ ಕನ್ನಡ, ಫಿನ್ನಿಷ್ ಎರಡೂ ‘ಅಪೆಂಡ್’ ಮಾಡುತ್ತವೆ, ತಗಲೊಗ್ ‘ಇನ್ಸರ್ಟ್’ ಮಾಡುತ್ತದೆ. ಸಾಲದೆಂಬಂತೆ, ಮಾತಿನ ಗಮನ ಕೊಂಡವರ ಮೇಲಿದ್ದರೆ ‘ಬುಮಿಲಿ’, ಕೊಂಡ ಮೀನಿನ ಮೇಲಿದ್ದರೆ ‘ಬಿನಿಲಿ’. ವಾಕ್ಯದಲ್ಲಿ ಕ್ರಿಯಾಪದ ಮೊದಲೇ ಬಂದು ಕೂರುತ್ತದೆ. ಕೊನೆಯವರೆಗೆ ಕಾಯುವ ನಮ್ಮ ಅಭ್ಯಾಸಕ್ಕೆ ಅದೂ ಒಂದು ಪೆಟ್ಟು. ‘ನಾವು’ ಎನ್ನಲು ಎರಡು ಪದ: ಕೇಳುವವರನ್ನೂ ಸೇರಿಸಿಕೊಂಡರೆ ‘ತಾಯೊ’, ಬಿಟ್ಟರೆ ‘ಕಾಮಿ’. ಇದನ್ನು ವಿವರಿಸಲು ಹೊರಟಾಗ ತುಳು ಮಾತನಾಡುವ ನನ್ನ ರೂಮ್‌ಮೇಟ್, ‘ನಮ, ಎಂಕುಲು ಅಷ್ಟೇ ತಾನೇ’ ಎಂದು ಎರಡೇ ಪದದಲ್ಲಿ ಮುಗಿಸಿದ.

ಹೊಸ ವಸ್ತು ಬಂದಾಗ ಏನು ಮಾಡುತ್ತಾರೆ ಎಂಬುದು ಎಂಜಿನಿಯರಿಂಗ್ ಓದುವ ನನಗೆ ಹೆಚ್ಚು ಕುತೂಹಲದ ವಿಷಯ. ಫಿನ್‌ಲ್ಯಾಂಡ್ 1809ರವರೆಗೆ ಸ್ವೀಡನ್ನಿನ, ಆಮೇಲೆ 1917ರವರೆಗೆ ರಷ್ಯಾದ ಕೈಯಲ್ಲಿತ್ತು. ಕಚೇರಿ, ಕಾಲೇಜು ಎಲ್ಲವೂ ಸ್ವೀಡಿಷ್. 1863ರ ರಾಜಾಜ್ಞೆಯ ನಂತರವೇ ಫಿನ್ನಿಷ್‌ಗೆ ಸರ್ಕಾರಿ ಮರ್ಯಾದೆ ದಾರಿಗೆ ಬಂದದ್ದು. ಪದ ಸಾಲದೆ ಬಂದಾಗ ಮನೆಮಾತಿನಿಂದಲೇ ಕಟ್ಟಿದರು. ಮಾತನಾಡು ಎಂಬರ್ಥದ ‘ಪುಹುವ’ದಿಂದ ಫೋನಿಗೆ ‘ಪುಹೆಲಿನ್’. ತಗಲೊಗ್ ಮೇಲೆ ಸ್ಪೇನ್, ನಂತರ ಅಮೆರಿಕ ಹಾದುಹೋದವು. ಅದು ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಂಡು ತನ್ನ ವ್ಯಾಕರಣ ತೊಡಿಸಿತು. ಇಂಗ್ಲಿಷಿನ ‘ಡ್ರೈವ್’ ಅಲ್ಲಿ ‘ನಗ್‌ಡ್ರೈವ್’ (ಓಡಿಸಿದ), ‘ನಗ್‌ಡಡ್ರೈವ್’ (ಓಡಿಸುತ್ತಿದ್ದಾನೆ) ಆಗುತ್ತದೆ. ನಾವು ‘ಡ್ರೈವ್ ಮಾಡು’ ಎನ್ನುವುದಕ್ಕಿಂತ ಇದು ಒಂದು ಕೈ ಮೇಲು. ಆದರೂ ಅಲ್ಲಿ ಎಂಜಿನಿಯರಿಂಗ್ ಓದುವುದು ಇಂಗ್ಲಿಷಿನಲ್ಲೇ.

2021ರಲ್ಲಿ ಕನ್ನಡದಲ್ಲೂ ಬಿಇ ಕಲಿಸಲು ಎಐಸಿಟಿಇ ಅವಕಾಶ ಕೊಟ್ಟಾಗ ನಮ್ಮಲ್ಲಿ ಕೇಳಿಬಂದ ಮೊದಲ ಪ್ರಶ್ನೆ ‘ಪದಗಳೆಲ್ಲಿವೆ?’ ಎಂಬುದು. ನನಗನ್ನಿಸುವುದು ಇಷ್ಟು: ‘ಗಣಕಯಂತ್ರ’ ಬೋರ್ಡಿನ ಮೇಲೆಯೇ ಉಳಿಯಿತು, ‘ತಿಯೆತೊಕೊನೆ’ ಮನೆಮನೆ ಸೇರಿತು. ಅದರ ಎರಡೂ ತುಂಡು ಅಲ್ಲಿನ ಮಕ್ಕಳಿಗೂ ಗೊತ್ತು, ಜೊತೆಗೆ ಆ ಪದ ಕಲಿತವರಿಗೆ ಅದೇ ಭಾಷೆಯಲ್ಲಿ ಕೆಲಸವೂ ಇತ್ತು. ನಮ್ಮಲ್ಲಿ ಎರಡನೆಯದು ಇಲ್ಲದೆ ಮೊದಲನೆಯದರ ಬಗ್ಗೆ ಮಾತ್ರ ಜಗಳ.

ಅಂದಹಾಗೆ, ಈ ಎರಡು ಭಾಷೆಗಳು ಈಗ ನಿಜಕ್ಕೂ ಭೇಟಿಯಾಗುತ್ತಿವೆ. ಫಿನ್‌ಲ್ಯಾಂಡಿನ ಆಸ್ಪತ್ರೆ, ವೃದ್ಧಾಶ್ರಮಗಳಿಗೆ ಫಿಲಿಪ್ಪೀನ್ಸ್‌ನ ನರ್ಸ್‌ಗಳನ್ನು ಕರೆಸಿಕೊಳ್ಳುತ್ತಾರೆ. ಅವರು ಫಿನ್ನಿಷ್ ಕಲಿಯಲೇಬೇಕು. ಒಂದು ವಿಷಯದಲ್ಲಿ ಮಾತ್ರ ಅವರಿಗೆ ತೊಂದರೆ ಇಲ್ಲ: ಅವನು, ಅವಳು ಎರಡಕ್ಕೂ ತಗಲೊಗ್‌ನಲ್ಲಿ ‘ಶಾ’, ಫಿನ್ನಿಷ್‌ನಲ್ಲಿ ‘ಹ್ಯಾನ್’. ಅಲ್ಲಿ ಐಟಿ ಕೆಲಸಕ್ಕೆ ಹೋಗುವ ನಮ್ಮವರಿಗೆ ಕಚೇರಿಯಲ್ಲಿ ಇಂಗ್ಲಿಷ್ ಎಷ್ಟೋ ಕಡೆ ಸಾಕಾಗುತ್ತದೆ. ಆದರೆ ಪೌರತ್ವಕ್ಕೆ ಸಾಮಾನ್ಯವಾಗಿ ಫಿನ್ನಿಷ್ ಅಥವಾ ಸ್ವೀಡಿಷ್ ಬರುತ್ತದೆಂದು ತೋರಿಸಬೇಕು. ‘ವೈಕೆಐ’ ಪರೀಕ್ಷೆಯಲ್ಲಿ ಕನಿಷ್ಠ ಮೂರನೇ ಹಂತ ದಾಟಬೇಕು. ಕಲಿಯಲು ಶುರುಮಾಡುವವರಿಗೆ ಡ್ಯೂಲಿಂಗೊದಲ್ಲಿ 2020ರಿಂದ ಫಿನ್ನಿಷ್ ಪಾಠಗಳಿವೆ.