ಬೆಳೆಯದ ವೀರರು, ಬೆಳೆಯುವ ಮಕ್ಕಳು

ಬೇಸಿಗೆ ರಜೆಯಲ್ಲಿ ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಂಧುಗಳ ಮನೆಗೆ ಹೋಗಿದ್ದೆ. ಎಂಟು ವರ್ಷದ ಹುಡುಗ ಪಡಸಾಲೆಯಲ್ಲಿ ಕುಳಿತು ‘ಛೋಟಾ ಭೀಮ್’ ನೋಡುತ್ತಿದ್ದ. ಕಥೆ ಅರ್ಧಕ್ಕೆ ಬಂದಿತ್ತು. ‘ಮುಂದೇನಾಗುತ್ತದೆ?’ ಎಂದು ಕೇಳಿದೆ. ಪರದೆಯಿಂದ ಕಣ್ಣು ಕೀಳದೆಯೇ ಹೇಳಿದ: ‘ಇನ್ನೇನು ಮಾವ, ಲಾಡು ತಿಂತಾನೆ, ಹೊಡೀತಾನೆ.’ ಹಾಗೆಯೇ ಆಯಿತು.

ಯಾವ ವಿಮರ್ಶಕನೂ ಇದಕ್ಕಿಂತ ಚುಟುಕಾಗಿ ಆ ಸರಣಿಯ ದೌರ್ಬಲ್ಯವನ್ನು ಹೇಳಲಾರ. ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸಂಸ್ಥೆಯ ಈ ಸರಣಿ 2008ರಲ್ಲಿ ಪೋಗೋ ವಾಹಿನಿಯಲ್ಲಿ ಆರಂಭವಾಯಿತು. ವಿದೇಶಿ ಕಾರ್ಟೂನುಗಳೇ ತುಂಬಿದ್ದ ಕಾಲದಲ್ಲಿ ನಮ್ಮ ಮಕ್ಕಳಿಗೆ ನಮ್ಮದೇ ಹೆಸರಿನ, ನಮ್ಮದೇ ಉಡುಗೆಯ ವೀರನೊಬ್ಬ ದೊರೆತದ್ದು ಸಣ್ಣ ಸಂಗತಿಯಲ್ಲ. ಆದರೆ ಢೋಲಕ್‌ಪುರದ ಆ ತಂಡವನ್ನು ಗಮನಿಸಿ. ಚುಟ್ಕಿ ಲಾಡು ಕೊಡುವವಳು, ಕಾಲಿಯಾ ಹೊಟ್ಟೆಕಿಚ್ಚಿನಿಂದ ಹೊಂಚು ಹಾಕಿ ಬೀಳುವವನು, ಧೋಲು ಭೋಲು ಅವನ ಬಾಲಗಳು. ಇಂದು ಕಲಿತ ಪಾಠ ನಾಳೆ ಯಾರಿಗೂ ನೆನಪಿರುವುದಿಲ್ಲ. 2020ರಲ್ಲಿ ‘ಚುಟ್ಕಿಗೆ ನ್ಯಾಯ ಕೊಡಿ’ ಎಂಬ ಕೂಗು ಸಾಮಾಜಿಕ ಜಾಲತಾಣಗಳಲ್ಲಿ ಎದ್ದಾಗ, ಪಾತ್ರಗಳೆಲ್ಲ ಇನ್ನೂ ಮಕ್ಕಳೇ, ಯಾರಿಗೂ ಮದುವೆಯಾಗಿಲ್ಲ ಎಂದು ನಿರ್ಮಾಪಕರು ಸ್ಪಷ್ಟನೆ ನೀಡಬೇಕಾಯಿತು. ಅದು ತಮಾಷೆಯ ಪ್ರಸಂಗವೇ. ಆದರೆ ನೋಡುತ್ತ ಬೆಳೆದವರು ಪಾತ್ರಗಳೂ ಬೆಳೆದಿರಬೇಕೆಂದು ಬಯಸಿದ್ದರು ಎಂಬುದು ಅದರೊಳಗಿನ ಸತ್ಯ.

ಇದಕ್ಕೆ ವ್ಯಾಪಾರದ ಕಾರಣವಿದೆ. ಕಂತುಗಳನ್ನು ಯಾವ ಕ್ರಮದಲ್ಲಾದರೂ ಮರುಪ್ರಸಾರ ಮಾಡಬೇಕಾದರೆ ಯಾರೂ ಬದಲಾಗಬಾರದು; ಚೀಲ, ಬುತ್ತಿಡಬ್ಬಿಗಳ ಮೇಲಿನ ಮುಖವೂ ಬದಲಾಗಬಾರದು. ಪುಟ್ಟ ಮಕ್ಕಳಿಗೆ ಪುನರಾವರ್ತನೆ ಹಿತವೆಂಬುದೂ ನಿಜ. ಆದರೆ ಬದಲಾವಣೆ ಅಸಾಧ್ಯವೇನಲ್ಲ. ಅಮೆರಿಕದ ‘ಟೀನ್ ಟೈಟಾನ್ಸ್’ (2003–2006) ಐವರು ಬಾಲವೀರರ ತಂಡದ ಕಥೆ. ಅಲ್ಲಿ ಟೆರಾ ಎಂಬ ಹುಡುಗಿ ತಂಡವನ್ನು ಸೇರುತ್ತಾಳೆ, ದ್ರೋಹ ಬಗೆಯುತ್ತಾಳೆ, ಕೊನೆಗೆ ಊರನ್ನು ಉಳಿಸಲು ತನ್ನನ್ನೇ ತೆರುತ್ತಾಳೆ. ಅದೇ ಐವರನ್ನು ಇಟ್ಟುಕೊಂಡು 2013ರಲ್ಲಿ ಬಂದ ‘ಟೀನ್ ಟೈಟಾನ್ಸ್ ಗೋ!’ ಬರಿಯ ನಗೆಯಾಟವಾಯಿತು. ಮುಖಗಳು ಅವೇ, ಕಂಠಗಳೂ ಅವೇ. ಮನಸ್ಸುಗಳು ಮಾತ್ರ ಕಾಣೆಯಾದವು.

ನಮ್ಮ ಭೀಮನಿಗಾದ ನಷ್ಟ ಇನ್ನೂ ದೊಡ್ಡದು. ಮಹಾಭಾರತದ ಭೀಮ ಸೌಗಂಧಿಕಾ ಪುಷ್ಪವನ್ನು ಅರಸಿ ಹೊರಟಾಗ ದಾರಿಗಡ್ಡ ಮಲಗಿದ್ದ ಮುದಿ ಕಪಿಯ ಬಾಲವನ್ನು ಎತ್ತಲಾರದೆ ಸೋಲುತ್ತಾನೆ. ಆ ಸೋಲಿನಲ್ಲಿ ಅಣ್ಣ ಹನುಮನನ್ನು ಕಂಡುಕೊಳ್ಳುತ್ತಾನೆ. ಬಲಕ್ಕೆ ಮಿತಿಯುಂಟೆಂದು ಕಲಿತ ಆ ಭೀಮನಿಗೆ ಛೋಟಾ ಭೀಮ ಹೆಸರಿಗಷ್ಟೇ ವಾರಸುದಾರ.

ಇದನ್ನು ಸೊರಬ, ಶಿಕಾರಿಪುರದ ನೆಲದಲ್ಲಿ ನಿಂತು ಯೋಚಿಸಿದಾಗ ವ್ಯಥೆ ಹೆಚ್ಚುತ್ತದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬೆಯ ಸನ್ನಿಧಿ. ತಂದೆಯ ಮಾತಿಗೆ ತಾಯಿಯ ತಲೆ ಕಡಿದು, ಅದೇ ತಂದೆಯಲ್ಲಿ ತಾಯಿಯ ಜೀವವನ್ನೇ ವರವಾಗಿ ಬೇಡಿದ ಪರಶುರಾಮನ ಕಥೆಯನ್ನು ಇಲ್ಲಿನ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಅವನನ್ನು ಒಳ್ಳೆಯವನೆನ್ನಬೇಕೋ ಕೆಟ್ಟವನೆನ್ನಬೇಕೋ ಎಂಬ ತೊಡಕೇ ಮಗುವನ್ನು ಯೋಚನೆಗೆ ಹಚ್ಚುತ್ತದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ ಅಲ್ಲಮನ ಊರು, ಉಡುತಡಿ ಅಕ್ಕಮಹಾದೇವಿಯ ಊರು. ಶೂನ್ಯಸಂಪಾದನೆಯ ಶರಣರದೂ ಒಂದು ತಂಡವೇ. ಆದರೆ ಅಲ್ಲಿ ಯಾರೂ ಬಂದ ಹಾಗೆಯೇ ಉಳಿಯುವುದಿಲ್ಲ. ಅಕ್ಕ ಅಲ್ಲಮನ ಕಠಿಣ ಪ್ರಶ್ನೆಗಳನ್ನು ಎದುರಿಸಿಯೇ ಅನುಭವ ಮಂಟಪದಲ್ಲಿ ಮನ್ನಣೆ ಪಡೆಯುತ್ತಾಳೆ. ಕೆರೆ ಗುಡಿಗಳ ಕಾಯಕದಲ್ಲಿ ಮುಳುಗಿದ್ದ ಸಿದ್ಧರಾಮ ತನ್ನ ‘ನಾನು’ವನ್ನು ಬಿಟ್ಟು ಕಲ್ಯಾಣಕ್ಕೆ ನಡೆಯುತ್ತಾನೆ.

ಕಾರ್ಟೂನು ಶೂನ್ಯಸಂಪಾದನೆಯಾಗಲಿ ಎಂದು ಯಾರೂ ಕೇಳುವುದಿಲ್ಲ. ಆದರೆ ಕೆಟ್ಟವನು ಎಂದಿಗೂ ಕೆಟ್ಟವನೇ, ಬಲವುಳ್ಳವನು ಹೇಳಿದ್ದೇ ನ್ಯಾಯ, ಹುಡುಗಿಯ ಪಾಲಿಗೆ ಲಾಡಿನ ತಟ್ಟೆ ಎಂದು ವರ್ಷಗಟ್ಟಲೆ ಕಂಡ ಮಗು ತರಗತಿಯ ದಡೂತಿ ಹುಡುಗನನ್ನೂ ಪಕ್ಕದ ಬೆಂಚಿನ ಹುಡುಗಿಯನ್ನೂ ಅದೇ ಕಣ್ಣಿನಿಂದ ನೋಡಿದರೆ ಅಚ್ಚರಿಯಿಲ್ಲ. ಮನುಷ್ಯ ಬದಲಾಗಬಲ್ಲ ಎಂಬ ನಂಬಿಕೆಯೇ ಕಥೆ ಮಗುವಿಗೆ ಕೊಡಬಹುದಾದ ದೊಡ್ಡ ಆಸ್ತಿ.

ಅನಿಮೇಷನ್ ಉದ್ಯಮಕ್ಕೆಂದೇ ಕರ್ನಾಟಕ 2012ರಲ್ಲಿ ನೀತಿಯನ್ನು ರೂಪಿಸಿತು. ನೀತಿಯಿಂದ ಯಂತ್ರ, ತರಬೇತಿ, ರಿಯಾಯಿತಿ ದೊರೆಯಬಹುದು; ಪಾತ್ರಗಳಿಗೆ ಜೀವ ತುಂಬಬೇಕಾದವರು ಲೇಖಕರು. ನಮ್ಮ ಮಕ್ಕಳ ಸಾಹಿತಿಗಳನ್ನು ಸ್ಟುಡಿಯೋಗಳು ಕರೆದು ಕೂರಿಸಿಕೊಳ್ಳಬೇಕು, ಸಾಹಿತಿಗಳೂ ಕಾರ್ಟೂನೆಂದು ಮೂಗು ಮುರಿಯಬಾರದು.

ಮರುದಿನ ಹುಡುಗನನ್ನು ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಕರೆದೊಯ್ದೆ. ಪ್ರಣವೇಶ್ವರ ಗುಡಿಯ ಮುಂದಿನ ಕಂಬದಲ್ಲಿ ಕುಬ್ಜನೆಂಬ ಕವಿಯ ಶಾಸನವಿದೆ. ವೇದ ಕಲಿಯಲು ಗುರು ವೀರಶರ್ಮನೊಡನೆ ಕಂಚಿಗೆ ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ ಅವಮಾನದಿಂದ ಕುದಿದ, ದರ್ಭೆ ಹಿಡಿದಿದ್ದ ಕೈಯಲ್ಲಿ ಕತ್ತಿ ಹಿಡಿದ ಎಂದು ಹೇಳಿ ಸುಮ್ಮನಾದೆ. ಹುಡುಗ ನನ್ನ ಮುಖ ನೋಡಿದ.

‘ಆಮೇಲೆ ಏನಾಯ್ತು ಮಾವ?’

ಹಿಂದಿನ ದಿನ ಟಿ.ವಿ. ಮುಂದೆ ಅವನು ಒಮ್ಮೆಯೂ ಕೇಳದ ಪ್ರಶ್ನೆ ಅದು.