ರಕ್ತ ನಿಂತರೆ ಸಾಲದು, ಹೊಟ್ಟೆ ಹುಣ್ಣಿನ ಮೂಲ ತಿಳಿಯಬೇಕು

ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಹೋಗುತ್ತಿದ್ದರೆ ಅದನ್ನು 'ಉಷ್ಣ' ಎಂದು ಸುಮ್ಮನಿರಬೇಡಿ. ಜಠರದಲ್ಲಿ ಅಥವಾ ಸಣ್ಣ ಕರುಳಿನ ಆರಂಭದಲ್ಲಿ ಆದ ಹುಣ್ಣಿನಿಂದ (ಅಲ್ಸರ್) ರಕ್ತ ಸೋರುತ್ತಿರಬಹುದು. ರಕ್ತವಾಂತಿ, ಸೋಸಿದ ಕಾಫಿಪುಡಿಯಂಥ ಕಪ್ಪು ವಾಂತಿ, ತಣ್ಣನೆಯ ಬೆವರು, ಎದ್ದು ನಿಂತರೆ ಕಣ್ಣು ಕತ್ತಲಿಡುವುದು ಕೂಡ ಇದರ ಲಕ್ಷಣಗಳೇ. ವಯಸ್ಸಾದವರಲ್ಲಿ ಹೊಟ್ಟೆನೋವೇ ಇಲ್ಲದೆ ರಕ್ತಸ್ರಾವ ಆಗುವುದುಂಟು. ಇಂಥ ಸಮಯದಲ್ಲಿ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ಹುಣ್ಣು ಏಕೆ ಆಗುತ್ತದೆ?

ಖಾರ ತಿಂದದ್ದರಿಂದ, ಚಿಂತೆಯಿಂದ ಹುಣ್ಣಾಗುತ್ತದೆ ಎಂಬ ನಂಬಿಕೆ ಹಳೆಯದು. ನಿಜವಾದ ಮುಖ್ಯ ಕಾರಣಗಳು ಎರಡು.

ಮೊದಲನೆಯದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣು. ಇದರ ಪಾತ್ರವನ್ನು ಕಂಡುಹಿಡಿದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯದು ನೋವಿನ ಮಾತ್ರೆ. ಕೂಲಿ ಮುಗಿಸಿ ಬಂದು ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದವು ಜಠರದ ಒಳಪದರದ ರಕ್ಷಣೆಯನ್ನು ಕುಂದಿಸುತ್ತವೆ. ಊಟವಾದ ಮೇಲೆ ನುಂಗಿದರೂ, ಇಂಜೆಕ್ಷನ್ ರೂಪದಲ್ಲಿ ತೆಗೆದುಕೊಂಡರೂ ಈ ಅಪಾಯ ತಪ್ಪುವುದಿಲ್ಲ. ಅವು ರಕ್ತದ ಮೂಲಕವೇ ಜಠರವನ್ನು ತಲುಪುತ್ತವೆ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ?

ಮೊದಲು ಸಲೈನ್, ಅಗತ್ಯವಿದ್ದರೆ ರಕ್ತ ಕೊಡುತ್ತಾರೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಎಂಡೋಸ್ಕೋಪಿ ಮಾಡುತ್ತಾರೆ. ಹುಣ್ಣಿನಿಂದ ರಕ್ತ ಚಿಮ್ಮುತ್ತಿದ್ದರೆ ಅದೇ ಕೊಳವೆಯಿಂದ ಔಷಧ ಚುಚ್ಚಿ, ಕ್ಲಿಪ್ ಹಾಕಿ ಅಥವಾ ಶಾಖ ಕೊಟ್ಟು ನಿಲ್ಲಿಸುತ್ತಾರೆ. ಆಮ್ಲ ತಗ್ಗಿಸಲು ಪ್ಯಾಂಟೊಪ್ರಜೋಲ್‌ನಂಥ ಔಷಧ ಕೊಡುತ್ತಾರೆ. ಈಗ ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ.

ಮತ್ತೆ ಬಾರದಂತೆ

ಇಲ್ಲಿಯೇ ಹೆಚ್ಚಿನವರು ಎಡವುವುದು. ರಕ್ತ ನಿಂತಿತೆಂದು ಮನೆಗೆ ಬಂದು ಮೂಲವನ್ನು ಹಾಗೆಯೇ ಬಿಟ್ಟರೆ ಹುಣ್ಣು ಮರಳುತ್ತದೆ.

* ರೋಗಾಣು ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ರಕ್ತಸ್ರಾವದ ವೇಳೆ ಮಾಡಿದ ಪರೀಕ್ಷೆಯಲ್ಲಿ 'ಇಲ್ಲ' ಎಂದು ಬಂದಿದ್ದರೆ ನಂತರ ಮತ್ತೊಮ್ಮೆ ಮಾಡಿಸಬೇಕು.
* ರೋಗಾಣು ಇದ್ದರೆ ಸಾಮಾನ್ಯವಾಗಿ 14 ದಿನಗಳ ಮಾತ್ರೆ ಕೊಡುತ್ತಾರೆ. ನಾಲ್ಕು ದಿನಕ್ಕೆ ಹಾಯೆನಿಸಿತೆಂದು ನಿಲ್ಲಿಸಬೇಡಿ.
* ಈ ಮಾತ್ರೆ ಮುಗಿದು ಕನಿಷ್ಠ 4 ವಾರಗಳ ನಂತರ ಉಸಿರಿನ ಅಥವಾ ಮಲದ ಪರೀಕ್ಷೆಯಿಂದ ರೋಗಾಣು ಹೋಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದಕ್ಕೆ 2 ವಾರ ಮೊದಲು ಆಮ್ಲದ ಮಾತ್ರೆ ನಿಲ್ಲಿಸಬೇಕಾಗುತ್ತದೆ. ವೈದ್ಯರನ್ನು ಕೇಳಿಯೇ ನಿಲ್ಲಿಸಿ.
* ನೋವಿನ ಮಾತ್ರೆಯನ್ನು ಕೇಳದೆ ನುಂಗಬೇಡಿ. ಅದು ಬೇಕೇ ಬೇಕಾದವರಿಗೆ ಜೊತೆಗೆ ಆಮ್ಲ ತಗ್ಗಿಸುವ ಮಾತ್ರೆ ಬೇಕಾಗುತ್ತದೆ.
* ಹೃದಯಕ್ಕಾಗಿ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿಯೇ ಬಿಡಬಾರದು, ಹೃದಯಾಘಾತದ ಅಪಾಯವಿದೆ.
* ಬೀಡಿ, ಸಿಗರೇಟು, ಮದ್ಯ ಬಿಡಿ.

ಗಡಿಯ ಜನರಿಗೆ ಇನ್ನೊಂದು ಮಾತು. ಕಾಸರಗೋಡಿನವರು ಮಂಗಳೂರಿಗೆ, ಅಕ್ಕಲಕೋಟೆಯವರು ಸೊಲ್ಲಾಪುರಕ್ಕೆ ಹೋಗುವಂತೆ ನಮಗೆ ಊರಿನಲ್ಲೊಬ್ಬರು, ಪಟ್ಟಣದಲ್ಲೊಬ್ಬರು ವೈದ್ಯರು. ಒಬ್ಬರು ಕೊಟ್ಟ ಮಾತ್ರೆ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಡಿಸ್ಚಾರ್ಜ್ ಚೀಟಿ, ಎಂಡೋಸ್ಕೋಪಿ ವರದಿ ಮತ್ತು ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೋಗಿ.