ಹಾಡೇ ಹಕ್ಕುಪತ್ರ

ಒಂದು ತುಂಡು ನೆಲ ನಮ್ಮದೆಂದು ಸಾಧಿಸಬೇಕಾದರೆ ನಾವು ಪಹಣಿ ತೆಗೆಸುತ್ತೇವೆ, ಹಳೆಯ ಕ್ರಯಪತ್ರ ಹುಡುಕುತ್ತೇವೆ. ಬರವಣಿಗೆಯನ್ನೇ ನೆಚ್ಚಿಕೊಳ್ಳದೆ ಬಾಳಿದ ಜನ ನ್ಯಾಯಾಲಯದಲ್ಲಿ ಏನನ್ನು ಹಾಜರುಪಡಿಸಬೇಕು? ಕೆನಡಾದ ಪಶ್ಚಿಮದಂಚಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಮೂಲನಿವಾಸಿಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಕುರಿತು ಎರಡು ಮಾತು ಹೇಳಬಯಸುತ್ತೇನೆ.

ಆ ಪ್ರಾಂತದ ಬಹುಭಾಗದಲ್ಲಿ ವಲಸೆ ಬಂದವರು ನೆಲದ ಜನರೊಡನೆ ಯಾವ ಒಪ್ಪಂದವನ್ನೂ ಮಾಡಿಕೊಳ್ಳದೆ ನೆಲೆಯೂರಿದರು. ನಾಸ್ ನದಿಯ ಕಣಿವೆಯ ನಿಸ್ಗಾ ಮುಖಂಡರು 1887ರಲ್ಲಿಯೇ ರಾಜಧಾನಿ ವಿಕ್ಟೋರಿಯಾಕ್ಕೆ ಹೋಗಿ ಅಹವಾಲು ಹೇಳಿಕೊಂಡು ಬರಿಗೈಯಲ್ಲಿ ಮರಳಿದರು. 1927ರಿಂದ 1951ರವರೆಗಂತೂ ಇಂಥ ದಾವೆಗೆ ಸರ್ಕಾರದ ಅಪ್ಪಣೆಯಿಲ್ಲದೆ ಹಣ ಕೂಡಿಸುವುದೇ ಅಪರಾಧವಾಗಿತ್ತು. ಫ್ರಾಂಕ್ ಕಾಲ್ಡರ್ ಅವರ ಮುಂದಾಳುತನದಲ್ಲಿ ನಿಸ್ಗಾ ಜನ ಹೂಡಿದ ದಾವೆ 1973ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ಆದರೂ ಏಳು ನ್ಯಾಯಾಧೀಶರಲ್ಲಿ ಆರು ಮಂದಿ, ವಲಸೆಗೆ ಮೊದಲು ಈ ಜನರಿಗೆ ನೆಲದ ಹಕ್ಕು ಇತ್ತೆಂಬುದನ್ನು ಒಪ್ಪಿದರು. ಸರ್ಕಾರ ಮಾತುಕತೆಗೆ ಬಂದುದು ಆ ಬಳಿಕವೇ.

ನೆರೆಯ ಗಿಟ್ಕ್‌ಸಾನ್ ಮತ್ತು ವೆಟ್ಸುವೆಟೆನ್ ಜನ ಸುಮಾರು 58,000 ಚದರ ಕಿಲೋಮೀಟರ್ ನೆಲಕ್ಕಾಗಿ ಹೂಡಿದ ದಾವೆಯ ವಿಚಾರಣೆ 1987ರಲ್ಲಿ ಆರಂಭವಾಯಿತು. ಸಾಕ್ಷ್ಯವಾಗಿ ಅವರು ತಂದುದು ತಮ್ಮ ಮನೆತನಗಳ ವೃತ್ತಾಂತಗಳನ್ನು, ಹಾಡುಗಳನ್ನು. ತಮ್ಮವರು ಎಲ್ಲಿಂದ ಬಂದು ಯಾವ ಹೊಳೆಯ ದಡದಲ್ಲಿ ನೆಲೆಸಿದರೆಂಬುದು ಅವುಗಳಲ್ಲಿ ಅಡಗಿದೆ. ಹಿರಿಯರೊಬ್ಬರು ನ್ಯಾಯಾಲಯದಲ್ಲಿಯೇ ಹಾಡಲು ಮುಂದಾದಾಗ, ತಮ್ಮ ಕಿವಿಗೆ ಅದು ಹತ್ತುವುದಿಲ್ಲವೆಂದರು ನ್ಯಾಯಾಧೀಶರು. 374 ದಿನಗಳ ಕಲಾಪದ ನಂತರ, 1991ರಲ್ಲಿ ತೀರ್ಪು ಅವರಿಗೆ ಪ್ರತಿಕೂಲವಾಯಿತು. 1997ರಲ್ಲಿ ಸುಪ್ರೀಂ ಕೋರ್ಟು ಅದನ್ನು ಬದಿಗಿರಿಸಿ, ಬಾಯ್ದೆರೆಯ ಇತಿಹಾಸವನ್ನೂ ಲಿಖಿತ ದಾಖಲೆಯನ್ನೂ ಸಮಾನವಾಗಿ ತೂಗಬೇಕೆಂದಿತು. ಹೊಸ ವಿಚಾರಣೆಗೆ ಆದೇಶಿಸಿತು. ಆ ವಿಚಾರಣೆ ನಡೆಯಲೇ ಇಲ್ಲ.

ತೀರ್ಪು ಹಕ್ಕನ್ನು ಗುರುತಿಸಬಲ್ಲದು. ಕೂಡಿ ಬಾಳುವ ಬಗೆಯನ್ನು ಒಪ್ಪಂದವೇ ಗೊತ್ತುಮಾಡಬೇಕು. 2000ದ ಮೇ 11ರಂದು ಜಾರಿಗೆ ಬಂದ ಒಪ್ಪಂದದಿಂದ ನಿಸ್ಗಾ ಜನರಿಗೆ ಸುಮಾರು 2,000 ಚದರ ಕಿಲೋಮೀಟರ್ ನೆಲ, ಸಾಲ್ಮನ್ ಮೀನಿನಲ್ಲಿ ಪಾಲು, ಭಾಷೆ, ಸಂಸ್ಕೃತಿ, ಭೂಮಿಗಳ ವಿಷಯದಲ್ಲಿ ಶಾಸನ ಮಾಡುವ ಸ್ವಂತ ಸರ್ಕಾರ ದೊರೆತವು. ಬೆಲೆಯನ್ನೂ ತೆತ್ತರು: ದೊರೆತುದು ಕೇಳಿದ್ದರ ಹತ್ತನೆಯ ಒಂದು ಪಾಲಿಗೂ ಕಡಿಮೆ, ಹಿಂದಿನ ತೆರಿಗೆ ವಿನಾಯಿತಿಯೂ ಕ್ರಮೇಣ ಹೋಯಿತು. ಹೆಚ್ಚಾಯಿತೆಂದವರು ಹೊರಗಿದ್ದರು, ಕಡಿಮೆಯಾಯಿತೆಂದವರು ಒಳಗಿದ್ದರು.

ಜನಪದ ಹಾಡನ್ನು ಸಂಗ್ರಹಿಸಿ, ಅಚ್ಚು ಹಾಕಿಸಿ, ಕಾವ್ಯವೆಂದು ನಾವು ಮೆಚ್ಚುತ್ತೇವೆ. ಹಾಡಿದವರ ಪಾಲಿಗೆ ಅದು ಗಡಿಕಲ್ಲೂ ಆಗಿರಬಹುದು. ಅದನ್ನು ಕೇಳಿಸಿಕೊಳ್ಳುವುದು ರಸಿಕತೆಯ ಮಾತಷ್ಟೇ ಅಲ್ಲ, ನ್ಯಾಯದ ಮಾತೂ ಹೌದೆಂದು ನನಗೆ ತೋರುತ್ತದೆ.